ಹನ್ನೊಂದು ಕಿಲೋಮೀಟರ್ ಹೆಚ್ಚು

ವಿಮಾನ ಕಂಪನಿಯ ಆ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು, ಸಂಬಳದ ಚೀಟಿಯಲ್ಲೂ ಅದೇ ಇತ್ತು, ಅಲ್ಲಿಗೆ ಮುಗಿಯಿತು. ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವರು ಮೈಲಿ ಮೇಡಂ. ಮೈಲಿ ಹೋಗಿ ಕಿಲೋಮೀಟರ್ ಬಂದು ಎಷ್ಟೋ ಕಾಲವಾಗಿದ್ದರೂ ಆ ಹೆಸರು ಮಾತ್ರ ಹೋಗಲಿಲ್ಲ. “ಕಿಲೋಮೀಟರ್ ಮೇಡಂ ಅಂತ ಬಾಯ್ತುಂಬ ಕರೆಯೋಷ್ಟರಲ್ಲಿ ಅವರು ಮೂಲೆ ತಿರುಗಿ ಹೋಗಿರ್ತಾರೆ” ಎಂದು ಕ್ಯಾಂಟೀನಿನವನು ನಗುತ್ತಿದ್ದ.

ಅವರ ಕೋಣೆ ಎರಡನೆಯ ಮಹಡಿಯ ಕೊನೆಯಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಬಾಗಿಲು ಪೂರ್ತಿ ಮುಚ್ಚದ ಒಂದು ಕಬ್ಬಿಣದ ಬೀರು. ಬೀರುವಿನ ಮೇಲೆ ದೊಡ್ಡ ಕುಂಬಳಕಾಯಿಯ ಗಾತ್ರದ ಭೂಗೋಳ. ಮೇಜಿನ ಮೇಲೆ ಗುಣಾಕಾರ ಭಾಗಾಕಾರಕ್ಕೆ ಬೇಕಾದ ಕೋಷ್ಟಕಗಳ ಲಾಗ್ ಪುಸ್ತಕ, ಮೊನೆ ಮಾಡಿದ ಆರು ಪೆನ್ಸಿಲು, ಒಂದು ಉಂಡೆ ಬಿಳಿ ದಾರ. ಕಂಪನಿಯ ವಿಮಾನಗಳು ಹೋಗುವ ಯಾವುದೇ ಎರಡು ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಬರೆದಿಡುವುದು ಅವರ ಕೆಲಸ. ಬರೆದಿಟ್ಟದ್ದು ನೀಲಿ ರಟ್ಟಿನ ಒಂದು ಪುಸ್ತಕವಾಗಿ ಅಚ್ಚಾಗುತ್ತಿತ್ತು. ಅದಕ್ಕೆ ದೂರದ ಪುಸ್ತಕವೆಂದು ಹೆಸರು. ವಿಮಾನ ಹಾರಿಸುವವರಿಗೆ ಬೇರೆ ಕಚೇರಿ, ಬೇರೆ ನಕ್ಷೆ. ಅವರು ಈ ಪುಸ್ತಕವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸರಕಿನ ದರ, ನೌಕರರ ಪಾಸು, ಇಂಥವುಗಳಿಗೆ ಮಾತ್ರ ಅದರಲ್ಲಿದ್ದದ್ದೇ ಕೊನೆಯ ಮಾತು.

ಲೆಕ್ಕದಲ್ಲಿ ಮೈಲಿ ಮೇಡಂ ಒಂದು ಕ್ರಮ ಇಟ್ಟುಕೊಂಡಿದ್ದರು. ಮೊದಲು ದಾರ. ಗೋಳದ ಮೇಲೆ ಈ ಊರಿಗೊಂದು ಗುಂಡುಸೂಜಿ, ಆ ಊರಿಗೊಂದು ಗುಂಡುಸೂಜಿ. ನಡುವೆ ದಾರವನ್ನು ಬಿಗಿದು ಎಳೆದರೆ ಅದು ತಾನಾಗಿ ಜಾರಿಕೊಂಡು ಎಲ್ಲಕ್ಕಿಂತ ಹತ್ತಿರದ ದಾರಿಯಲ್ಲಿ ಕೂರುತ್ತದೆ. ಗೋಡೆಯ ನಕ್ಷೆಯಲ್ಲಿ ನೆಟ್ಟಗೆ ಕಾಣುವ ದಾರಿಯನ್ನು ಬಿಟ್ಟು ಅದು ಮೇಲಿನ ಹಿಮದ ನಾಡುಗಳನ್ನು ಸುತ್ತಿಕೊಂಡು ಹೋಗುವುದನ್ನು ಕಂಡು ಹೊಸಬರು ಬೆರಗಾದರೆ, “ಭೂಮಿ ಹಾಸಿಗೆ ಅಲ್ಲಪ್ಪ, ಚೆಂಡು” ಎನ್ನುತ್ತಿದ್ದರು. ದಾರದ ಉದ್ದದಿಂದ ಒಂದು ಅಂದಾಜು ಸಿಕ್ಕ ಮೇಲೆ ಅಕ್ಷಾಂಶ, ರೇಖಾಂಶ, ಲಾಗ್ ಪುಸ್ತಕ, ಎರಡು ಹಾಳೆ ತುಂಬ ಅಂಕಿ. ಬೆಳಿಗ್ಗೆ ಇಲ್ಲಿಂದ ಅಲ್ಲಿಗೆ ಲೆಕ್ಕ. ಹಾಳೆ ಮಗುಚಿಟ್ಟು ಚಹಾ ಕುಡಿದು ಬಂದು ಅಲ್ಲಿಂದ ಇಲ್ಲಿಗೆ ಮತ್ತೆ ಹೊಸದಾಗಿ ಲೆಕ್ಕ. ಎರಡೂ ಒಂದೇ ಆಗಬೇಕು. ಆಗದಿದ್ದರೆ ಎರಡನ್ನೂ ಹರಿದು ಹಾಕಿ ಮೊದಲಿನಿಂದ. ಆ ಕೋಣೆಯಲ್ಲಿ ‘ಸುಮಾರು’ ಎನ್ನುವ ಮಾತನ್ನು ಆಡುವಂತಿರಲಿಲ್ಲ.

ಹೊತ್ತಿನ ಲೆಕ್ಕ ಇನ್ನೂ ಸೂಕ್ಷ್ಮ. ಪಡುವಣಕ್ಕೆ ಹೋಗುವಾಗ ಗಾಳಿ ಎದೆಗೆ, ಮೂಡಣಕ್ಕೆ ಬರುವಾಗ ಬೆನ್ನಿಗೆ. ಹೋದ ದಾರಿಯಲ್ಲೇ ಬಂದರೂ ಹೋದಷ್ಟು ಹೊತ್ತು ಬರುವುದಕ್ಕೆ ಬೇಕಾಗುವುದಿಲ್ಲ. ಇದನ್ನೆಲ್ಲ ಮೈಲಿ ಮೇಡಂ ನಿಮಿಷ ಬಿಡದೆ ಹೇಳಬಲ್ಲವರಾಗಿದ್ದರು. ವಿಮಾನವನ್ನು ಮಾತ್ರ ಅವರು ಹತ್ತಿರಲಿಲ್ಲ. ವರ್ಷಕ್ಕೊಂದು ಪಾಸು ಅಧಿಕಾರಿಗಳಿಗೆ. ಉಳಿದವರಿಗೆ ಇದ್ದದ್ದು ನಿವೃತ್ತಿ ಪಾಸು ಒಂದೇ: ಕೆಲಸ ಮುಗಿಸಿ ಹೋಗುವಾಗ, ಜನ್ಮಕ್ಕೊಂದು ಸಲ, ಕಂಪನಿಯ ವಿಮಾನದಲ್ಲಿ ಎಲ್ಲಿಗಾದರೂ ಹೋಗಿ ಬರಬಹುದು. ದೂರದ ಪುಸ್ತಕದ ಪ್ರಕಾರ ಆ ಊರು ಎಂಟು ಸಾವಿರ ಕಿಲೋಮೀಟರಿನೊಳಗಿರಬೇಕು, ಅಷ್ಟೆ.

ಅವರ ಅಕ್ಕ ಇದ್ದ ಊರು ಎಂಟು ಸಾವಿರದ ಹನ್ನೊಂದು ಕಿಲೋಮೀಟರ್.

ಈ ಅಕ್ಕ ಅವರಿಗಿಂತ ಎಂಟು ವರ್ಷಕ್ಕೆ ದೊಡ್ಡವರು. ತಾಯಿ ಹೋದ ಮೇಲೆ ತಂಗಿಯ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವರು, ಜ್ವರ ಬಂದಾಗ ಮಗ್ಗಿ ಹೇಳಿಸಿ ಮಲಗಿಸಿದವರು. ನರ್ಸ್ ಕೆಲಸ ಕಲಿತು ದೂರದ ಆ ಊರಿನ ಆಸ್ಪತ್ರೆಗೆ ಸೇರಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡು ಅಲ್ಲೇ ಉಳಿದುಬಿಟ್ಟರು. ಅಕ್ಕತಂಗಿಯರು ಮುಖಾಮುಖಿ ನೋಡಿ ಇಪ್ಪತ್ತಾರು ವರ್ಷವಾಗಿತ್ತು. ಮೈಲಿ ಮೇಡಂ ಕೂಡ ಗಂಡನನ್ನು ಬೇಗನೆ ಕಳೆದುಕೊಂಡವರು, ಮಕ್ಕಳಿಲ್ಲ. ಸೈಕಲ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಪ್ರತಿ ಭಾನುವಾರ ಸಂಜೆ ಆರಕ್ಕೆ ಅಕ್ಕನ ಫೋನು. ಅಲ್ಲಿಗೆ ಆಗ ಮಧ್ಯಾಹ್ನ ಹನ್ನೆರಡು.

ಒಂದು ಹಳೆಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಮೈಲಿ ಮೇಡಂ ನಿವೃತ್ತಿಯಾಗುವುದಕ್ಕೆ ಹದಿನಾಲ್ಕು ವರ್ಷ ಮೊದಲಿನ ಮಾತು. ಸಾಮಾನು ಹೊರುವವರ ಪೈಕಿ ಪೈಲ್ವಾನ್ ಎಂದು ಒಬ್ಬನಿದ್ದ. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ ಮೈ, ಅದಕ್ಕೇ ಆ ಹೆಸರು. ಎಲುಬಿನ ಗೂಡಿನಂಥ ಅವನು ಎರಡಾಳು ಎತ್ತುವ ಪೆಟ್ಟಿಗೆಯನ್ನು ಒಬ್ಬನೇ ಎತ್ತುತ್ತಿದ್ದ. ನಿವೃತ್ತಿಯ ವಾರ ಅವನು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಮೇಡಂ ಕೋಣೆಗೆ ಬಂದ. ಅವನ ತಮ್ಮ ಅದೇ ಊರಿನಲ್ಲಿ, ಅಂದರೆ ಮೈಲಿ ಮೇಡಂ ಅವರ ಅಕ್ಕನ ಊರಿನಲ್ಲಿ, ಹಡಗು ಕಟ್ಟೆಯಲ್ಲಿ ಕೆಲಸಕ್ಕಿದ್ದ. ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಪಾಸಿನವರು ಹನ್ನೊಂದು ಕಿಲೋಮೀಟರ್ ಹೆಚ್ಚು ಎಂದು ಅರ್ಜಿ ಹಿಂದಿರುಗಿಸಿದ್ದರು.

“ಸ್ವಲ್ಪ ನೋಡಿ ಮೇಡಂ. ಎಲ್ಲೋ ಒಂದು ಸೊನ್ನೆ ಆಚೆ ಈಚೆ ಆಗಿರಬಹುದು.”

ಮೇಡಂ ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. “ಪುಸ್ತಕದಲ್ಲಿ ಏನಿದೆಯೋ ಅದೇ. ಇವತ್ತು ನಿನಗೆ ಅಂತ ಹನ್ನೊಂದು ಬಿಟ್ಟರೆ ನಾಳೆ ಇನ್ನೊಬ್ಬನಿಗೆ ಹನ್ನೆರಡು ಬಿಡಬೇಕಾಗುತ್ತೆ.”

ಪೈಲ್ವಾನ್ ತಲೆ ಕೆರೆದುಕೊಂಡ. “ಹಾಗಾದ್ರೆ ಒಂದು ಕೆಲಸ ಮಾಡಿ. ಹನ್ನೊಂದು ಕಿಲೋಮೀಟರ್ ಮುಂಚೆನೇ ಇಳಿಸಿಬಿಡೋಕೆ ಹೇಳಿ. ಉಳಿದದ್ದು ನಡ್ಕೊಂಡು ಹೋಗ್ತೀನಿ.”

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ತಾನೇ ಕೆಲಸ ಕಲಿಯಲು ಬಂದಿದ್ದ ಗುಮಾಸ್ತ ನಕ್ಕ. ಮೈಲಿ ಮೇಡಂ ಕೂಡ ನಕ್ಕರು. ಪೈಲ್ವಾನ್ ಟೋಪಿ ಹಾಕಿಕೊಂಡು ಹೋದ. ಆಮೇಲೆ ಎಷ್ಟೋ ದಿನ ಕ್ಯಾಂಟೀನಿನಲ್ಲಿ ಆ ಮಾತು ಓಡಾಡಿತು. ಅನಂತರ ಮರೆತುಹೋಯಿತು.

ಮೈಲಿ ಮೇಡಂ ನಿವೃತ್ತಿಯಾದರು. ಅಷ್ಟರಲ್ಲಿ ಕಂಪ್ಯೂಟರ್ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮಾಡುತ್ತಿತ್ತಾದರೂ ಪ್ರತಿ ಸಾಲಿಗೂ ಅವರ ರುಜು ಬೇಕು ಎನ್ನುವ ನಿಯಮ ಮಾತ್ರ ಉಳಿದುಕೊಂಡಿತ್ತು. ಬೀಳ್ಕೊಡುಗೆಯ ದಿನ ಅವರ ಕೋಣೆಯ ಗೋಳವನ್ನೇ ಬಣ್ಣದ ಕಾಗದ ಸುತ್ತಿ ಉಡುಗೊರೆ ಕೊಟ್ಟರು. ಹೊಸ ಹಾಳೆಯಷ್ಟು ಬಿಳುಪಾದ ಅಂಗಿ ತೊಟ್ಟ ದೊಡ್ಡ ಸಾಹೇಬರು ಭಾಷಣ ಮಾಡಿದರು. ಅಕ್ಕನ ವಿಷಯ ಯಾರೋ ಅವರ ಕಿವಿಗೆ ಹಾಕಿದ್ದರೆಂದು ಕಾಣುತ್ತದೆ. “ಭೂಮಿಯನ್ನೇ ಅಳೆದ ನಮ್ಮ ಮೈಲಿ ಮೇಡಂಗೆ ಹನ್ನೊಂದು ಕಿಲೋಮೀಟರ್ ಒಂದು ಲೆಕ್ಕವೇ? ಹೋಗಿ ಬರಲಿ!” ಎಂದರು. ಚಪ್ಪಾಳೆ ಬಿತ್ತು.

ಹದಿನಾಲ್ಕು ವರ್ಷ ಯಾವ ಆಸೆಯನ್ನೂ ಇಟ್ಟುಕೊಳ್ಳದಿದ್ದವರು ಆ ಚಪ್ಪಾಳೆಯ ಸದ್ದಿಗೆ ಆಸೆಪಟ್ಟುಬಿಟ್ಟರು. ಅದಕ್ಕೆ ಕಾರಣವಿತ್ತು. ಅಕ್ಕನ ಕಣ್ಣು ಹೋಗುತ್ತಿತ್ತು. ಒಂದು ಕಣ್ಣು ಆಗಲೇ ಕತ್ತಲು, ಇನ್ನೊಂದು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿತ್ತು. ವರ್ಷದೊಳಗೆ ಅದೂ ಮುಗಿಯಿತೆಂದು ವೈದ್ಯರು ಹೇಳಿಬಿಟ್ಟಿದ್ದರು.

“ಫೋನಿನಲ್ಲಿ ಮುಖ ತೋರಿಸಲಾ ಅಕ್ಕ?” ಎಂದು ಕೇಳಿದರೆ, “ಅದು ಮುಖ ಅಲ್ಲ ಕಣೇ ಪುಟ್ಟಿ, ಅಂಚೆ ಚೀಟಿ. ನನಗೆ ಅದು ಕಾಣಲ್ಲ” ಎಂದಿದ್ದರು. “ನೀನೇ ಬಂದು ಕಿಟಕಿ ಬೆಳಕಲ್ಲಿ ನಿಂತರೆ, ನಾನು ಕತ್ತು ಹೀಗೆ ವಾಲಿಸಿ ನೋಡಿದರೆ, ಇನ್ನೂ ಕಾಣ್ತೀಯ.”

“ಬರ್ತೀನಕ್ಕ. ಪಾಸು ಆಗೋ ಹಾಗಿದೆ.”

“ಎಷ್ಟು ಹೊತ್ತು ಆಗುತ್ತೇ?”

“ಹೋಗುವಾಗ ಒಂಬತ್ತು ಗಂಟೆ ಐವತ್ತು ನಿಮಿಷ. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟರೆ ಅಲ್ಲಿ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಇರುವಾಗ ಇಳೀತೀನಿ.”

“ಹತ್ತರಿಂದ ಎರಡು! ನಾಲ್ಕೇ ಗಂಟೆ! ಇಷ್ಟು ವರ್ಷ ಲೆಕ್ಕ ಮಾಡಿ ಇದೇನೇ ಹೇಳ್ತೀಯ?”

“ಅಲ್ಲಿ ಗಡಿಯಾರ ಆರು ಗಂಟೆ ಹಿಂದೆ ಅಲ್ವೇನಕ್ಕ?”

“ಹಾಗಾದರೆ ಬಾ, ಬಾ. ಆರು ಗಂಟೆ ಚಿಕ್ಕವಳಾಗಿ ಬರ್ತೀಯ. ದಾರೀಲಿ ಎಲ್ಲಾದರೂ ನಿಲ್ಲಿಸ್ತಾರಾ?”

ನಿಲ್ಲಿಸುವುದಿಲ್ಲ ಎಂದು ಮೇಡಂ ನಕ್ಕು ಹೇಳಿದರು. ಮರುದಿನವೇ ಅರ್ಜಿ ಹಿಡಿದುಕೊಂಡು ಕಚೇರಿಗೆ ಹೋದರು.

ಪಾಸಿನ ವಿಭಾಗದ ಮುಖ್ಯಸ್ಥನಾಗಿ ಕೂತಿದ್ದವನು ಅವರ ಶಿಷ್ಯನೇ. ಅಂದು ಪೈಲ್ವಾನ್ ಬಂದಾಗ ಕೋಣೆಯಲ್ಲಿದ್ದ ಆ ಗುಮಾಸ್ತ. ಎದ್ದು ನಿಂತು ಕುರ್ಚಿ ಹಾಕಿದ, ಚಹಾ ತರಿಸಿದ. ಅರ್ಜಿ ನೋಡಿ ಅವನ ಮುಖ ಸಪ್ಪಗಾಯಿತು.

“ಮೇಡಂ, ಸಾಹೇಬರು ವೇದಿಕೆ ಮೇಲೆ ಹೇಳಿದ್ದು. ಕಾಗದದ ಮೇಲೆ ಏನೂ ಹೇಳಿಲ್ಲ. ನಾನೇ ಹೋಗಿ ಕೇಳಿದೆ, ‘ಅದು ಭಾಷಣ ಕಣಯ್ಯ’ ಅಂದರು.”

“ಹನ್ನೊಂದು ತಾನೇನಪ್ಪಾ?”

“ನೀವೇ ಹೇಳಿಕೊಟ್ಟದ್ದು ಮೇಡಂ. ಇವತ್ತು ಹನ್ನೊಂದು ಬಿಟ್ಟರೆ ನಾಳೆ ಹನ್ನೆರಡು ಬಿಡಬೇಕಾಗುತ್ತೆ ಅಂತ. ನಾನು ಅಲ್ಲೇ ಕೂತಿದ್ದೆ.” ಅವನು ಚುಚ್ಚಲು ಹೇಳಿದ್ದಲ್ಲ. ಕಲಿತ ಪಾಠ ಒಪ್ಪಿಸಿದ, ಅಷ್ಟೆ.

ಮೈಲಿ ಮೇಡಂ ಅವರ ಬಾಯಿಂದ ತಾನಾಗಿ ಬಂದದ್ದು, “ಹಾಗಾದರೆ ಹನ್ನೊಂದು ಕಿಲೋಮೀಟರ್ ಮುಂಚೆ ಇಳಿಸಿಬಿಡಪ್ಪ, ನಡೆದುಕೊಂಡು ಹೋಗ್ತೀನಿ” ಎನ್ನುವ ಮಾತು.

ಪಕ್ಕದ ಮೇಜಿನ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಶಿಷ್ಯನೂ ತುಟಿ ಕಚ್ಚಿಕೊಂಡ. ಆ ನಗೆ ಅವರಿಗೆ ಚೆನ್ನಾಗಿ ಗುರುತಿತ್ತು. ಹದಿನಾಲ್ಕು ವರ್ಷದ ಹಿಂದೆ ಅದನ್ನೇ ಅವರು ನಕ್ಕಿದ್ದರು.

ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವುದೆಂದರೆ ವರ್ಷದ ಪಿಂಚಣಿಯನ್ನು ಒಟ್ಟಿಗೆ ಹಾಕಿದರೂ ಸಾಲದು. ಹತ್ತಿರದ ಇನ್ನೊಂದು ಊರಿನಲ್ಲಿ ಇಳಿದು ಮುಂದೆ ರೈಲು ಹಿಡಿಯೋಣವೆಂದರೆ ನಡುವೆ ಸಮುದ್ರ. ಮುಂದಿನ ಭಾನುವಾರ ಅಕ್ಕನಿಗೆ ಸುಳ್ಳು ಹೇಳುವುದೋ ನಿಜ ಹೇಳುವುದೋ ಎಂದು ಬೆಳಗಿನಿಂದ ಗೊಂದಲ. ಕೊನೆಗೆ ನಿಜವನ್ನೇ ಹೇಳಿದರು.

ಅಕ್ಕ, “ಹನ್ನೊಂದು ಕಿಲೋಮೀಟರ್ ಅಂದರೆ ನಮ್ಮ ಹಳೇ ಆಸ್ಪತ್ರೆಯಿಂದ ಆ ಹಳೇ ವಿಮಾನ ನಿಲ್ದಾಣಕ್ಕೆ ಇದ್ದಷ್ಟು. ಅದು ಈಗ ಇಲ್ಲ ಬಿಡು” ಎಂದರು.

“ಯಾವುದು ಇಲ್ಲ?”

“ನಿಲ್ದಾಣ. ಅದನ್ನು ಮುಚ್ಚಿ ಎಷ್ಟು ಕಾಲವಾಯಿತು! ಅಲ್ಲೆಲ್ಲ ಮನೆ ಕಟ್ಟಿದ್ದಾರೆ. ಈಗಿನದು ಊರಿನ ಈ ಕಡೆ, ಮೂಡಣಕ್ಕೆ. ನಿನಗೆ ಗೊತ್ತಿಲ್ವಾ?”

ಮೈಲಿ ಮೇಡಂಗೆ ಗೊತ್ತಿತ್ತು.

ಫೋನಿಟ್ಟು, ಕಚೇರಿಯಿಂದ ತಂದು ಮಂಚದ ಕೆಳಗೆ ತಳ್ಳಿದ್ದ ರಟ್ಟಿನ ಪೆಟ್ಟಿಗೆಯನ್ನು ಎಳೆದರು. ತಮ್ಮ ಮೇಜಿನ ಖಾನೆಯಲ್ಲಿದ್ದದ್ದನ್ನೆಲ್ಲ ಅವರು ಇದ್ದ ಹಾಗೇ ಅದಕ್ಕೆ ಸುರಿದುಕೊಂಡು ಬಂದಿದ್ದರು. ಹಳೆಯ ಕ್ಯಾಲೆಂಡರು, ತುಕ್ಕು ಹಿಡಿದ ಪಿನ್ನು, ಎಲ್ಲದರ ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಸುತ್ತೋಲೆ. ಆ ಊರಿನ ವಿಮಾನ ನಿಲ್ದಾಣವು ಹೊಸ ಸ್ಥಳಕ್ಕೆ ಬದಲಾಗಿದೆ; ಹೊಸ ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು. ತಾರೀಖು ಹದಿನಾರು ವರ್ಷದ ಹಿಂದಿನದು. ಪೈಲ್ವಾನ್ ಬರುವುದಕ್ಕೆ ಎರಡು ವರ್ಷ ಮೊದಲು. ಮೂಲೆಯಲ್ಲಿ ಆಗಿನ ಸಾಹೇಬರ ಕೆಂಪು ಪೆನ್ಸಿಲಿನ ಬರಹ: ‘ಮುಂದಿನ ಮುದ್ರಣದಲ್ಲಿ’. ಅದರ ಕೆಳಗೆ ‘ನೋಡಿದೆ’ ಎಂದು ತಮ್ಮದೇ ಕಿರುರುಜು.

ಎಲ್ಲ ನೆನಪಾಯಿತು. ಪುಸ್ತಕ ಅಚ್ಚಿಗೆ ಹೋದ ವಾರವೇ ಸುತ್ತೋಲೆ ಬಂದಿತ್ತು. ಆ ಊರಿನ ಸಾಲುಗಳೇ ನಲವತ್ತರ ಮೇಲೆ. ಎಲ್ಲವನ್ನೂ ಹೊಸದಾಗಿ, ಎರಡೆರಡು ಸಲ ಲೆಕ್ಕ ಹಾಕಬೇಕಾಗಿತ್ತು. “ಊರು ಅದೇ ತಾನೇ ಮೇಡಂ? ಊರೇನು ಎದ್ದು ಓಡಿಹೋಗಿಲ್ಲವಲ್ಲ” ಎಂದಿದ್ದರು ಆ ಸಾಹೇಬರು. ಮೇಡಂ ಅದನ್ನು ಖಾನೆಗೆ ಹಾಕಿದ್ದರು. ಮುಂದಿನ ಮುದ್ರಣ ಬರುವಷ್ಟರಲ್ಲಿ ಆರು ವರ್ಷ ಕಳೆದು, ಸುತ್ತೋಲೆ ತಳಕ್ಕೆ ಹೋಗಿ, ಹಳೆಯ ಸಾಲು ಹಳೆಯದಾಗಿಯೇ ಕಂಪ್ಯೂಟರಿಗೆ ಸೇರಿತ್ತು. ಪೈಲ್ವಾನ್ ಟೋಪಿ ಹಿಡಿದು ನಿಂತಿದ್ದಾಗ ಈ ಕಾಗದ ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಖಾನೆ ಎಳೆದು ನೋಡಬಹುದಾಗಿತ್ತು. ಬದಲಿಗೆ ಪುಸ್ತಕದ ಸಾಲಿಗೆ ಬೆರಳಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಗೋಳವನ್ನಿಟ್ಟು ದಾರ ಬಿಗಿದರು. ದಾರಕ್ಕೆ ಅಷ್ಟು ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲವೆಂದು ಗೊತ್ತು. ಆದರೂ ಕ್ರಮ ಕ್ರಮವೇ. ಲಾಗ್ ಪುಸ್ತಕ ತೆರೆದು ಇಲ್ಲಿಂದ ಅಲ್ಲಿಗೆ ಲೆಕ್ಕ ಹಾಕಿದರು. ಹಾಳೆ ಮಗುಚಿಟ್ಟು ಚಹಾ ಕುಡಿದು ಅಲ್ಲಿಂದ ಇಲ್ಲಿಗೆ ಹಾಕಿದರು. ಎರಡು ಸಲವೂ ಏಳು ಸಾವಿರದ ಒಂಬೈನೂರ ತೊಂಬತ್ತೆರಡು. ಹನ್ನೊಂದು ಹೆಚ್ಚಲ್ಲ, ಎಂಟು ಕಡಿಮೆ.

ಉತ್ತರ ಸರಿಬಂದಾಗ ಹಾಳೆಯ ಕೆಳಗೆ ಎರಡು ಗೆರೆ ಎಳೆಯುವುದು ಅವರ ರೂಢಿ. ಆ ದಿನ ಎಳೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪೈಲ್ವಾನನ್ನು ಹುಡುಕಿಕೊಂಡು ಹೊರಟರು.

ಅವನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಗಳ ಮನೆಯ ಮುಂದೆ ಕೂತು, ತಲೆಕೆಳಗಾದ ಸೂಟ್‌ಕೇಸಿಗೆ ಚಕ್ರ ಜೋಡಿಸುತ್ತಿದ್ದ. ಇನ್ನೂ ಅಷ್ಟೇ ತೆಳ್ಳಗಿದ್ದ.

“ಓಹೋ, ಮೈಲಿ ಮೇಡಂ! ಬನ್ನಿ ಬನ್ನಿ. ಮೂವತ್ತು ವರ್ಷ ಎಸೆದು ಎಸೆದು ಚಕ್ರ ಮುರಿದೆ, ಈಗ ಕೂತು ರಿಪೇರಿ ಮಾಡ್ತಿದ್ದೀನಿ. ಲೆಕ್ಕ ಸಮ ಆಯ್ತು ನೋಡಿ.”

ಮೇಡಂ ನಗಲಿಲ್ಲ. ಅವನು ಕೊಟ್ಟ ಮಣೆಯ ಮೇಲೆ ಕೂತು, ಸುತ್ತೋಲೆಯನ್ನೂ ಲೆಕ್ಕದ ಹಾಳೆಯನ್ನೂ ಮುಂದಿಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಿದರು. ಪಾಠ ಹೇಳುವ ಹಾಗೆ ನಿಧಾನವಾಗಿ, ತಮ್ಮ ಕಿರುರುಜುವಿನ ಮೇಲೂ ಬೆರಳಿಟ್ಟು ತೋರಿಸಿ ಹೇಳಿದರು.

ಪೈಲ್ವಾನ್ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದ. “ಅಂದ್ರೆ ಆವತ್ತು ನನಗೆ ಪಾಸು ಸಿಗಬೇಕಾಗಿತ್ತು.”

“ಸಿಗಬೇಕಾಗಿತ್ತು.”

“ತಮ್ಮ ಆಗ ಬದುಕಿದ್ದ. ಒಂಬತ್ತು ತಿಂಗಳು ಮಲಗಿದ್ದು ಆಮೇಲೆ ಹೋದ. ಅಣ್ಣ ಬರ್ತಾನಾ ಬರ್ತಾನಾ ಅಂತ ಕೇಳ್ತಿದ್ನಂತೆ. ಜೊತೆಯವರು ಕಾಗದ ಬರೆದಿದ್ರು.”

ಒಳಗಿನಿಂದ ಅವನ ಮಗಳು ನೀರು ತಂದಿಟ್ಟು ಹೋದಳು. ಮೇಡಂ ಲೋಟ ಮುಟ್ಟಲಿಲ್ಲ.

“ನಾನು ಆವತ್ತು ನಗಿಸೋಕೇ ಹೇಳಿದ್ದು ಮೇಡಂ, ಇಳಿಸಿಬಿಡಿ ಅಂತ,” ಎಂದ ಪೈಲ್ವಾನ್. “ನಕ್ಕರೆ ಮನಸ್ಸು ಕರಗುತ್ತೆ ಅಂದ್ಕೊಂಡಿದ್ದೆ. ಎಲ್ಲ ನಕ್ಕರು. ನೀವೂ ನಕ್ಕಿರಿ. ನೀವು ನಕ್ಕಾಗ ಗೊತ್ತಾಯ್ತು, ಇನ್ನು ಕೆಲಸ ಆಗಲ್ಲ ಅಂತ.” ಅವನು ಮತ್ತೆ ಸ್ಕ್ರೂ ತಿರುಗಿಸತೊಡಗಿದ. “ಬೈದುಬಿಡೋಣ ಅಂದ್ರೆ ನೀವೇ ನಡ್ಕೊಂಡು ಬಂದಿದ್ದೀರಿ. ಬೈಯೋಕೂ ಬಿಡಲ್ಲ ನೀವು.”

ಮೇಡಂ ಮನೆಗೆ ಬಂದು ಕಂಪನಿಗೆ ಪತ್ರ ಬರೆದರು. ಸಾಲು ತಪ್ಪಾಗಿದೆ, ಇದು ಸುತ್ತೋಲೆ, ಇದು ಲೆಕ್ಕ. ಸುತ್ತೋಲೆ ತಮ್ಮ ಕೈಗೆ ಬಂದದ್ದು ಇಂಥ ದಿನ, ತಮಗೆ ಗೊತ್ತಿದ್ದೂ ತಿದ್ದದೆ ಬಿಟ್ಟದ್ದು ನಿಜ. ಈ ಕಾರಣದಿಂದ ಪಾಸು ತಪ್ಪಿದ ಸಾಮಾನು ಹೊರುವವನೊಬ್ಬನಿದ್ದಾನೆ. ಅವನಿಗೂ ತಮಗೂ ಪಾಸು ಕೊಡಬೇಕು.

ಶಿಷ್ಯ ಪತ್ರವನ್ನು ಓದಿ ಬಾಗಿಲು ಹಾಕಿ ಬಂದು ಕೂತ. “ಮೇಡಂ, ‘ಗೊತ್ತಿದ್ದೂ’ ಅನ್ನೋ ಒಂದು ಪದ ತೆಗೆದುಬಿಡಿ. ಈಗ ತಾನೇ ತಪ್ಪು ಕಣ್ಣಿಗೆ ಬಿತ್ತು ಅಂತ ಬರೆಯಿರಿ. ನಿಮ್ಮ ಪಾಸು ವಾರದೊಳಗೆ ಆಗುತ್ತೆ.”

“ಅವನ ಪಾಸು?”

ಶಿಷ್ಯ ಮೇಜಿನ ಅಂಚನ್ನು ಉಗುರಿನಿಂದ ಕೆರೆದ. “ಅಷ್ಟು ಹಿಂದಿನ ಅರ್ಜಿ ತೆಗೀಬೇಕು ಅಂದರೆ ಆಗಲೇ ಕಚೇರಿಗೆ ಗೊತ್ತಿತ್ತು ಅಂತ ತೋರಿಸಬೇಕು. ಇಲ್ಲದಿದ್ದರೆ ತೆಗೆಯಲ್ಲ.”

“ಹಾಗಾದರೆ ಪದ ಇರಲಿ.”

“ಅವನ ತಮ್ಮ ಹೋಗಿಬಿಟ್ಟಿದ್ದಾನಲ್ಲ ಮೇಡಂ. ನಿಮ್ಮಕ್ಕ ಇದ್ದಾರೆ.”

ಮೈಲಿ ಮೇಡಂ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆ ಒಂದು ಪದದ ಮೇಲೆ ಗೆರೆ ಎಳೆಯಲು ಅವರಿಗೆ ಮನಸ್ಸಿರಲಿಲ್ಲವೆಂದರೆ ಸುಳ್ಳಾದೀತು. ಮನಸ್ಸು ಪೂರ್ತಿ ಇತ್ತು. ಕೈ ಮಾತ್ರ ಏಳಲಿಲ್ಲ. “ಇರಲಿ ಬಿಡಪ್ಪ” ಎಂದು ಎದ್ದು ಬಂದರು.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಭಾನುವಾರಕ್ಕೊಂದರಂತೆ ಹದಿನೇಳು ಫೋನುಗಳು. ಹೊಸ ಅರ್ಜಿಯ ವಿಷಯ ಕೇಳಿದ್ದ ಅಕ್ಕ ಪ್ರತಿ ಸಲವೂ ತಮ್ಮ ಕಣ್ಣಿನ ಅಳತೆ ಹೇಳುತ್ತಿದ್ದರು. ಮೊದಲು, “ಕಿಟಕಿಯ ನಾಲ್ಕು ಗಾಜೂ ಕಾಣ್ತಿದೆ.” ಆಮೇಲೆ, “ಎರಡು ಕಾಣುತ್ತೆ.” ಆಮೇಲೆ, “ಒಂದು ಗಾಜು, ಅದರಲ್ಲೂ ನಡುವೆ ಮಾತ್ರ. ಬೇಗ ಬಾರೇ ಪುಟ್ಟಿ. ನಿನ್ನ ಮುಖ ಎಷ್ಟು ಅಗಲ ಇದೆಯೋ ಏನೋ!”

ಕಂಪನಿಯ ಉತ್ತರ ಒಂದು ಪುಟದ್ದು. ಸಾಲನ್ನು ತಿದ್ದಲಾಗಿದೆ. ಅಂದು ಅನ್ಯಾಯವಾಗಿ ಪಾಸು ತಪ್ಪಿದ ನೌಕರನಿಗೆ ವಿಶೇಷ ಪ್ರಕರಣವೆಂದು ಪಾಸು ಮಂಜೂರು ಮಾಡಲಾಗಿದೆ. ಅರ್ಜಿದಾರರ ವಿಷಯದಲ್ಲಿ ಮಾತ್ರ, ಗೊತ್ತಿದ್ದೂ ತಪ್ಪನ್ನು ಉಳಿಸಿಕೊಂಡವರು ಅದೇ ತಪ್ಪಿನ ತಿದ್ದುಪಡಿಯಿಂದ ತಾವೇ ಲಾಭ ಪಡೆಯಲು ಬರುವುದಿಲ್ಲವಾದ್ದರಿಂದ, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಮೈಲಿ ಮೇಡಂ ಅದನ್ನು ಎರಡು ಸಲ ಓದಿದರು. ಅದರಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ. ತಾವೇ ಆ ಕುರ್ಚಿಯಲ್ಲಿ ಕೂತಿದ್ದರೂ ಹೀಗೆಯೇ ಬರೆಯುತ್ತಿದ್ದರು.

ಮರುವಾರ ಪೈಲ್ವಾನ್ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ. ಕೈಯಲ್ಲಿ ಉದ್ದನೆಯ ಲಕೋಟೆ.

“ಇದು ಏನು ತಮಾಷೆ ಮೇಡಂ? ಯಾರೂ ಇಲ್ಲದ ಊರಿಗೆ ನನಗೆ ಪಾಸು ಕೊಟ್ಟಿದ್ದಾರೆ. ತಗೊಳ್ಳಿ, ನೀವು ಹೋಗಿ.”

ಮೇಡಂ ಹಿಂಬದಿಯ ಸಣ್ಣ ಅಕ್ಷರವನ್ನು ಓದಿ ತೋರಿಸಿದರು. ಬೇರೆಯವರಿಗೆ ಸಲ್ಲುವುದಿಲ್ಲ. ಪೈಲ್ವಾನ್ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಜಿನ ಮೇಲಿನ ಗೋಳವನ್ನೇ ನೋಡುತ್ತ ಕೂತ.

“ಹಾಳಾಗಿ ಹೋಗ್ಲಿ ಅಂತ ಬಿಟ್ಟುಬಿಡೋಣ ಅಂದ್ರೆ ಮಗಳು ಬಿಡಲ್ಲ. ತಮ್ಮನ್ನ ಮಣ್ಣು ಮಾಡಿದ ಜಾಗನಾದ್ರೂ ನೋಡಿ ಬಾ ಅಂತಾಳೆ. ಹೋಗಿ ಬರ್ಲಾ?”

“ಹೋಗಿ ಬಾ.”

“ಎಷ್ಟು ಹೊತ್ತು ಕೂತಿರಬೇಕು?”

ಈ ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು ಉತ್ತರ ಹೇಳಬಲ್ಲವರು ಪೆನ್ಸಿಲು ತೆಗೆದುಕೊಂಡು ಹೊಸ ದೂರಕ್ಕೆ ಹೊಸದಾಗಿ ಲೆಕ್ಕ ಹಾಕಿದರು. “ಒಂಬತ್ತು ಗಂಟೆ ನಲವತ್ತೊಂಬತ್ತು ನಿಮಿಷ. ಒಂದು ನಿಮಿಷ ಕಡಿಮೆ ಆಗಿದೆ.” ಆಮೇಲೆ ಅದೇ ಹಾಳೆಯ ಕೆಳಗೆ ಅಕ್ಕನ ವಿಳಾಸ ಬರೆದುಕೊಟ್ಟರು. “ಸಾಧ್ಯವಾದರೆ ಒಂದು ಗಳಿಗೆ ಹೋಗಿ ಬಾ. ನಾನು ಚೆನ್ನಾಗಿದ್ದೀನಿ ಅಂತ ಹೇಳು. ತಲೆಕೂದಲು ಪೂರ್ತಿ ಬೆಳ್ಳಗಾಗಿಲ್ಲ ಅಂತಲೂ ಹೇಳು.”

ಪೈಲ್ವಾನ್ ಅವರ ತಲೆಯ ಕಡೆ ನೋಡಿದ. ಒಂದೂ ಕರಿಯ ಕೂದಲು ಉಳಿದಿರಲಿಲ್ಲ.

ಅವನು ಹೊರಟದ್ದು ಒಂದು ಬುಧವಾರ. ಬೆಳಿಗ್ಗೆ ಹತ್ತಕ್ಕೆ ಮೇಡಂ ಮಹಡಿಯ ಮೆಟ್ಟಿಲ ಮೇಲೆ ನಿಂತು ಆಕಾಶ ನೋಡಿದರು; ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಗಂಟೆಗೊಮ್ಮೆ ಗೋಳದ ಹತ್ತಿರ ಹೋಗಿ ದಾರದ ಮೇಲೆ ಬೆರಳಿಟ್ಟು, ಈಗ ಇಲ್ಲಿರಬಹುದು, ಈಗ ಇಲ್ಲಿರಬಹುದು ಎಂದುಕೊಂಡರು. ಎದುರು ಗಾಳಿ ಅಂದು ಎಷ್ಟಿತ್ತೋ ತಿಳಿಯದು. ಸಂಜೆ ಎಂಟಕ್ಕೆ ಹನ್ನೊಂದು ನಿಮಿಷ ಇರುವಾಗ ಬೆರಳು ಎರಡನೆಯ ಗುಂಡುಸೂಜಿಗೆ ತಗುಲಿತು. ಅಡುಗೆ ಕೋಣೆಗೆ ಹೋಗಿ ತಣ್ಣಗಿದ್ದದ್ದನ್ನೇ ಉಂಡರು.

ಭಾನುವಾರ ಆರಕ್ಕೆ ಸರಿಯಾಗಿ ಫೋನು ಬಂತು.

“ಯಾರೋ ಬಂದಿದ್ದ ಕಣೇ ನಿನ್ನ ಕಡೆಯವನು,” ಎಂದರು ಅಕ್ಕ. “ಪೈಲ್ವಾನ್ ಅಂತೆ. ಹೆಸರು ಕೇಳಿ ಬಾಗಿಲು ತುಂಬ ಇರ್ತಾನೆ ಅಂದ್ಕೊಂಡೆ. ಮುಟ್ಟಿದರೆ ಬರೀ ಮೂಳೆ!”

“ನೋಡಿದೆಯಾ ಅಕ್ಕ, ಅವನನ್ನ?”

“ಕಿಟಕಿ ಹತ್ತಿರ ನಿಲ್ಲಿಸಿ ಕತ್ತು ವಾಲಿಸಿ ನೋಡಿದೆ. ಗಾಜಿನ ನಡುವಿನ ತುಣುಕಲ್ಲಿ ಸ್ವಲ್ಪ ಸ್ವಲ್ಪವಾಗಿ ನೋಡಿದೆ. ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತು. ಮೇಲಿನ ಹಲ್ಲು ಒಂದಿಲ್ಲ. ಕಣ್ಣು ಚಿಕ್ಕವು. ಒಳ್ಳೇ ಮನುಷ್ಯ, ಅಲ್ಲಾಡದೆ ನಿಂತಿದ್ದ, ಫೋಟೋಗೆ ನಿಂತ ಹಾಗೆ. ನಿನಗೆ ಕೂದಲು ಇನ್ನೂ ಕಪ್ಪಗಿದೆ ಅಂದ.”

“ಹೌದಕ್ಕ.”

“ನೀನು ಯಾವಾಗ ಬರ್ತೀಯ?”

ಮೈಲಿ ಮೇಡಂ ಹೇಳಿದರು. ಈ ಸಲವೂ ನಿಜವನ್ನೇ ಹೇಳಿದರು. ಪತ್ರ ಬಂದು ತಿಂಗಳಾದರೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಬಿಡು” ಎಂದರು. ಫೋನಿಡುವ ಮುಂಚೆ, “ಆ ಪದ ಅಳಿಸಬಾರದಾಗಿತ್ತೇನೇ?” ಎಂದರು. ಆಮೇಲೆ ಅದನ್ನು ಮತ್ತೆಂದೂ ಕೇಳಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಕಿಟಕಿಯ ಕೊನೆಯ ತುಣುಕೂ ಮುಚ್ಚಿಹೋಯಿತು. ಭಾನುವಾರದ ಫೋನು ನಿಲ್ಲಲಿಲ್ಲ. ಅಂಥ ಒಂದು ಭಾನುವಾರ ಅಕ್ಕ ಎಂದಿನ ಹಾಗೆ ಅದೂ ಇದೂ ಮಾತಾಡಿ, “ಒಂದು ವಿಚಿತ್ರ ನೋಡೇ ಪುಟ್ಟಿ” ಎಂದರು. “ನಿನ್ನ ಧ್ವನಿ ಕೇಳ್ತಾ ನಿನ್ನ ಮುಖ ನೆನೆಸಿಕೊಳ್ಳೋಣ ಅಂತ ಕೂರ್ತೀನಿ. ಇಪ್ಪತ್ತಾರು ವರ್ಷದ ಹಿಂದಿನದು, ಹಿಡಿಯೋಕೆ ಸಿಗಲ್ಲ. ಕಡೇದಾಗಿ ಸರಿಯಾಗಿ ನೋಡಿದ್ದು ಅವನನ್ನೇ ಅಲ್ವಾ? ಆ ಹುಬ್ಬು, ಆ ಬಿದ್ದ ಹಲ್ಲು, ಅದೇ ಬಂದು ನಿಲ್ಲುತ್ತೆ. ನೀನು ಮಾತಾಡಿದರೆ ಪೈಲ್ವಾನ್ ಬಾಯಿ ಆಡಿಸ್ತಾನೆ.”

ಅಕ್ಕ ನಕ್ಕರು. ಮೈಲಿ ಮೇಡಂ ಕೂಡ ನಗಬೇಕಾಗಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, “ಇನ್ನೊಂದು ಸಲ ಹೇಳಕ್ಕ, ಸರಿಯಾಗಿ ಕೇಳಿಸಲಿಲ್ಲ” ಎಂದರು.